ವಯಸ್ಸು ಕೇಳದ ಕೌಂಟರ್

ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳಲ್ಲಿ ನಶೆಯ ಮಾತು ಬಂದರೆ ಎಲ್ಲರ ಕಣ್ಣು ಕೇರಳದ ಗಡಿಯತ್ತ ಹೊರಳುತ್ತದೆ. ಗಡಿ ಬಳಿಯ ಜಾಲ್ಸೂರಿನಲ್ಲಿ ತಪಾಸಣೆ ಬಿಗಿಯಾದರೆ ಮಕ್ಕಳು ಉಳಿದಾರು ಎಂಬ ನಂಬಿಕೆ. ಭಯಕ್ಕೆ ಕಾರಣವಿಲ್ಲದಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನ ಗಾಂಜಾ ಪ್ರಕರಣದಲ್ಲಿ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳೇ ಬಂಧಿತರಾದರು. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ 37 ಕಿಲೋ ಎಂಡಿಎಂಎ ಹಿಡಿದರು. ಆದರೆ ಗಡಿಯನ್ನಷ್ಟೇ ಕಾಯುತ್ತ ಕುಳಿತರೆ ಪೇಟೆಯ ವೈನ್ ಶಾಪ್ ಕಣ್ಣಿಗೆ ಬೀಳುವುದಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಶೇ 14.6, ಗಾಂಜಾ-ಭಂಗಿಯವರು ಶೇ 2.8. ಇದು 10ರಿಂದ 75 ವರ್ಷದವರ ಲೆಕ್ಕ, ವಿದ್ಯಾರ್ಥಿಗಳದ್ದಲ್ಲ. ಆದರೂ ಯಾವ ಬಾಗಿಲು ಅಗಲವಾಗಿದೆ ಎಂದು ತಿಳಿಯಲು ಸಾಕು.

ರಾಜ್ಯದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಪಿಯುಸಿ ಮುಗಿಸಿ 18ಕ್ಕೆ ಪದವಿಗೆ ಸೇರಿದವನಿಗೆ 21 ತುಂಬುವಷ್ಟರಲ್ಲಿ ಪದವಿಯೇ ಮುಗಿದಿರುತ್ತದೆ. ಅಂದರೆ ಪದವಿ ವಿದ್ಯಾರ್ಥಿಯ ಕೈಗೆ ಬಂದ ಕ್ವಾರ್ಟರ್‌ನ ಹಿಂದೆ ಬಹುಪಾಲು ಒಬ್ಬ ದೊಡ್ಡವನ ಕಾನೂನುಭಂಗವಿದೆ. ಸಿಮ್ ಕೊಳ್ಳಲು ಗುರುತಿನ ಚೀಟಿ ಬೇಕು. ಬಾಟಲಿಗೆ ಚಿಲ್ಲರೆ ಇದ್ದರಾಯಿತು! 2023ರಲ್ಲಿ ಈ ವಯೋಮಿತಿಯನ್ನು 18ಕ್ಕೆ ಇಳಿಸಲು ಹೊರಟ ಸರ್ಕಾರ ವಿರೋಧ ಕಂಡು ಹಿಂದೆ ಸರಿಯಿತು. ಅಂದು ಕೂಗಿದವರು 21ರ ನಿಯಮ ನಡೆಯುತ್ತಿದೆಯೇ ಎಂದು ಆಮೇಲೆ ಕೇಳಿದಂತಿಲ್ಲ. ಕೇಳಿದರೂ ಉತ್ತರಿಸಬೇಕಾದದ್ದು ಅಬಕಾರಿ ಇಲಾಖೆ. 2025-26ಕ್ಕೆ ಅದರ ತಲೆಯ ಮೇಲಿದ್ದ ಗುರಿ 40,000 ಕೋಟಿ ರೂಪಾಯಿ. ಗಿರಾಕಿಯನ್ನು ವಾಪಸು ಕಳಿಸು ಎಂದು ಅಂಗಡಿಯವನಿಗೆ ಹೇಳುವ ಉತ್ಸಾಹ ಆ ಇಲಾಖೆಗೆ ಎಲ್ಲಿಂದ ಬರಬೇಕು? ಹಿರಿಯ ಗೆಳೆಯನಿಂದ ತರಿಸಿಕೊಳ್ಳುತ್ತಾರೆ, ನಿಯಮದಿಂದ ಏನಾದೀತು ಎನ್ನುವವರಿದ್ದಾರೆ. ತರಿಸಿಕೊಳ್ಳಲಿ, ಬೇಡಿ ತರಿಸಿಕೊಳ್ಳುವುದಕ್ಕೂ ಕೈಚಾಚಿದೊಡನೆ ಸಿಗುವುದಕ್ಕೂ ವ್ಯತ್ಯಾಸವಿದೆ.

ಈಗ ಎಲ್ಲೆಡೆ ಕೇಳಿಬರುವ ಮದ್ದು ಮೂತ್ರ ಪರೀಕ್ಷೆ, ಸಿಕ್ಕಿಬಿದ್ದರೆ ಟಿ.ಸಿ. ನಿತ್ಯ ಗಾಂಜಾ ಸೇದುವವನ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ ಉಳಿಯುತ್ತದೆ, ರಾತ್ರಿ ಕುಡಿದ ಮದ್ಯ ಮರುದಿನಕ್ಕೆ ಹೆಚ್ಚುಕಡಿಮೆ ಮಾಯ. ವಾರಾಂತ್ಯದ ಕುಡುಕ ಸೋಮವಾರದ ಪರೀಕ್ಷೆಯಲ್ಲಿ ಸಭ್ಯನಾಗಿಯೇ ಪಾಸಾಗುತ್ತಾನೆ. ಸಿಕ್ಕಿಬಿದ್ದವನನ್ನು ಇಟ್ಟುಕೊಂಡರೆ ಕಾಲೇಜಿನ ಹೆಸರು ಕೆಡುತ್ತದೆ, ಉಳಿದ ಮಕ್ಕಳೂ ಹಾಳಾಗುತ್ತಾರೆ ಎಂಬ ಆಡಳಿತ ಮಂಡಳಿಗಳ ಆತಂಕ ಸುಳ್ಳಲ್ಲ. ಮಾರುವವನಿಗೆ ಅದೇ ಶಿಕ್ಷೆ ಸರಿ. ಸೇವಿಸುವವನ ವಿಷಯದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯೇ ಕಾಲೇಜಿಗಿಂತ ಮೆದು: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಬಂದು ಸರ್ಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ 64ಎ ಕಲಂ ಅವನನ್ನು ಮೊಕದ್ದಮೆಯಿಂದ ಬಿಡಿಸುತ್ತದೆ. ಆದರೆ ಚಿಕಿತ್ಸೆಯೇ ಅಪರೂಪ: ಏಮ್ಸ್ ಸಮೀಕ್ಷೆಯಂತೆ ಮದ್ಯವ್ಯಸನಿಗಳಲ್ಲೇ 38ಕ್ಕೆ ಒಬ್ಬನಿಗಷ್ಟೇ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಟಿ.ಸಿ. ಹಿಡಿದು ಊರಿಗೆ ಮರಳುವ ಹುಡುಗ ಉಳಿದ 37 ಮಂದಿಯ ಸಾಲಿಗೇ ಸೇರುವವನು.

ಮಾದಕವಸ್ತು ವಿರೋಧಿ ದಿನವಾದ ಜೂನ್ 26ರ ಪ್ರತಿಜ್ಞೆ, ಜಾಥಾ ನಡೆಯಲಿ. ವೇದಿಕೆಗೆ ಅಬಕಾರಿ ಅಧಿಕಾರಿಯನ್ನೂ ಕರೆದು, 21 ತುಂಬದವರಿಗೆ ಮಾರಿದ್ದಕ್ಕೆ ಕಳೆದ ವರ್ಷ ಈ ಮೂರು ತಾಲೂಕುಗಳಲ್ಲಿ ಎಷ್ಟು ಸನ್ನದುದಾರರ ಮೇಲೆ ಕ್ರಮವಾಗಿದೆ ಎಂದು ಮೈಕಿನಲ್ಲೇ ಕೇಳಬೇಕು.