ವಿಸಿಲ್ ಹಿಡಿಯೋಕೆ ಯಾರೂ ಬರದಿದ್ದರೆ?

ಈ ಸಲದ ಇಂಟರ್-ಡಿಪಾರ್ಟ್‌ಮೆಂಟ್ ಫುಟ್‌ಬಾಲ್ ಸೆಮಿಫೈನಲ್ ನೋಡಿದವರಿಗೆಲ್ಲ ಆ ಗೋಲು ನೆನಪಿರುತ್ತೆ. ಚೆಂಡು ಕ್ರಾಸ್‌ಬಾರಿಗೆ ಬಡಿದು ಕೆಳಗೆ ಬಿತ್ತು, ಕೀಪರ್ ಎಳೆದುಕೊಂಡ, ರೆಫರಿ ಆಟ ಮುಂದುವರಿಸಿ ಅಂತ ಕೈ ಬೀಸಿದ. ನಾವು ಗೋಲು ಅಂತ ಕುಣಿದವರು ಅಲ್ಲೇ ಬೌಂಡರಿ ದಾಟಿ ಒಳಗೆ ನುಗ್ಗಿದೆವು. ಆಡುತ್ತಿದ್ದವರು, ನೋಡುತ್ತಿದ್ದವರು, ಸುಮ್ಮನೆ ಅಲ್ಲಿ ನಿಂತಿದ್ದವರು, ಎಲ್ಲ ಸೇರಿ ಅವನನ್ನ ಸುತ್ತುವರಿದು ಇಪ್ಪತ್ತು ನಿಮಿಷ ಕಿರುಚಾಡಿದ್ದೇವೆ. ಅವನು ಬೇರೆ ಡಿಪಾರ್ಟ್‌ಮೆಂಟಿನ ಥರ್ಡ್ ಇಯರ್ ಹುಡುಗ. ದುಡ್ಡಿಲ್ಲ, ಸರ್ಟಿಫಿಕೇಟ್ ಇಲ್ಲ, ಕೇಳಿದರು ಅಂತ ಬಂದಿದ್ದ. ಫೈನಲ್‌ಗೆ ಅವನು ಬರಲಿಲ್ಲ. ಬದಲಿಗೆ ಇನ್ನೊಬ್ಬರನ್ನ ಹುಡುಕೋಕೆ ಎರಡು ದಿನ ಬೇಕಾಯ್ತು.

ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಮೊಬೈಲ್ ವಿಡಿಯೋ ಹಾಕಿಕೊಂಡು ಕೂತೆವು. ಹತ್ತು ಸಲ ನೋಡಿದರೂ ಅರ್ಧ ಜನ ಗೋಲು ಅಂದರು, ಅರ್ಧ ಜನ ಅಲ್ಲ ಅಂದರು. ಇಂಜಿನಿಯರಿಂಗ್ ಓದೋರು ನಾವು, ಸ್ವಲ್ಪ ಲೆಕ್ಕ ಹಾಕೋಣ. ನಿಯಮದ ಪ್ರಕಾರ ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಗೋಲು. ಚೆಂಡಿನ ಅಗಲ ಸುಮಾರು 22 ಸೆಂ.ಮೀ. ಅಂದರೆ ಅದು ನೆಲಕ್ಕೆ ತಾಗಿದ ಜಾಗ ಗೆರೆಯಿಂದ ಐದಾರು ಸೆಂ.ಮೀ. ಆಚೆಗಿದ್ದರೂ, ಅದರ ಅಂಚು ಇನ್ನೂ ಗೆರೆಯ ಮೇಲೇ ಇರುತ್ತೆ, ಗೋಲಲ್ಲ. ಗಂಟೆಗೆ 72 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ 20 ಮೀಟರ್ ಹೋಗುತ್ತೆ. ನಮ್ಮ ಫೋನ್ ಸೆಕೆಂಡಿಗೆ 30 ಫ್ರೇಮ್ ಹಿಡಿದರೆ, ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ ಚೆಂಡು ಸುಮಾರು 67 ಸೆಂ.ಮೀ. ಸರಿದಿರುತ್ತೆ. ಮೂರು ಚೆಂಡಿನ ಅಗಲ! ಅದರ ಮೇಲೆ ವಿಡಿಯೋ ತೆಗೆದವನು ನಿಂತಿದ್ದು ಗೋಲ್ ಲೈನಿನ ನೇರಕ್ಕಲ್ಲ, ಹಾಫ್ ಲೈನಿನ ಹತ್ತಿರ. ಪ್ಯಾರಲ್ಯಾಕ್ಸ್ ಅನ್ನೋದನ್ನ ಫಿಸಿಕ್ಸ್ ಲ್ಯಾಬಿನಲ್ಲಿ ಬರೆದು ಮಾರ್ಕ್ಸ್ ತಗೊಂಡವರೇ ಗ್ರೌಂಡಿನಲ್ಲಿ ಮರೆತುಬಿಟ್ಟೆವು. ನಮ್ಮ ಹತ್ತಿರ ಇದ್ದದ್ದು ಸಾಕ್ಷಿ ಅಲ್ಲ, ಸಿಟ್ಟು ಮಾತ್ರ.

ರೆಫರಿಗಳು ತಪ್ಪೇ ಮಾಡಲ್ಲ ಅಂತ ನಾವು ಹೇಳ್ತಿಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆಯಿಂದ ಚೆನ್ನಾಗಿ ಒಳಗೇ ಬಿದ್ದಿತ್ತು. ರೆಫರಿಗೂ ಕಾಣಲಿಲ್ಲ, ಲೈನ್ಸ್‌ಮನ್‌ಗೂ ಕಾಣಲಿಲ್ಲ. ಎರಡು ವರ್ಷದ ನಂತರ ಗೋಲ್-ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಆ ಮ್ಯಾಚಿನ 4-1 ಫಲಿತಾಂಶ ಹಾಗೇ ಉಳಿಯಿತು. ತಪ್ಪಿನಿಂದ ವ್ಯವಸ್ಥೆ ಬದಲಾಯಿತು, ಸ್ಕೋರ್ ಬದಲಾಗಲಿಲ್ಲ. ಆಟದಲ್ಲಿ ನಡೆದ ಸಂಗತಿಯ ಬಗ್ಗೆ, ಗೋಲು ಆಯ್ತೋ ಇಲ್ಲವೋ ಅನ್ನೋದೂ ಸೇರಿ, ರೆಫರಿಯ ತೀರ್ಮಾನವೇ ಕೊನೆ ಅಂತ ಐದನೇ ನಿಯಮ ಹೇಳುತ್ತೆ.

ಒಪ್ಪದೆ ಗ್ರೌಂಡ್ ಬಿಟ್ಟು ಹೋದರೆ ಏನಾಗುತ್ತೆ ಅಂತ ನಮ್ಮ ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲೇ ನೋಡಿದ್ದೇವೆ. 2023ರ ಮಾರ್ಚ್ 3, ಐಎಸ್‌ಎಲ್ ಪ್ಲೇ-ಆಫ್. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಬೇಗನೆ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ನಾವಿನ್ನೂ ಸಿದ್ಧರಿರಲಿಲ್ಲ ಅಂತ ಕೇರಳ ಬ್ಲಾಸ್ಟರ್ಸ್ ತಂಡ ಕೋಚ್ ಕರೆದ ಮೇಲೆ ಹೊರಗೆ ನಡೆಯಿತು. ಪಂದ್ಯ ಬೆಂಗಳೂರಿಗೆ ಹೋಯಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಆ ಫ್ರೀ ಕಿಕ್ ಸರಿಯೋ ತಪ್ಪೋ ಅನ್ನೋ ವಾದ ಇವತ್ತಿಗೂ ಇದೆ. ಆದರೆ ಹೊರಗೆ ನಡೆದದ್ದರಿಂದ ಆ ವಾದ ಗೆಲ್ಲಲಿಲ್ಲ, ಇನ್ನೂ ಆಡಬಹುದಾಗಿದ್ದ ಆಟವೇ ಕೈಬಿಟ್ಟು ಹೋಯಿತು.

'ಹಾಗಾದ್ರೆ ಅನ್ಯಾಯ ಆದ್ರೂ ಬಾಯಿ ಮುಚ್ಚಿಕೊಂಡಿರಬೇಕಾ ಗುರೂ?' ಅಂತ ಕೇಳಬಹುದು. ಬೇಡ. ಮಾತಾಡೋಕೆ ಒಂದು ದಾರಿ ಇರಬೇಕು, ಅದು ಟೂರ್ನಮೆಂಟ್ ಶುರುವಾಗೋ ಮೊದಲೇ ಬರವಣಿಗೆಯಲ್ಲಿ ಇರಬೇಕು. ಸ್ಪೋರ್ಟ್ಸ್ ಕಮಿಟಿಗೆ ನಾವು ಕೊಡೋ ಸಲಹೆ ಇಷ್ಟು.

ಒಂದು, ರೆಫರಿ ಜೊತೆ ಕ್ಯಾಪ್ಟನ್ ಮಾತ್ರ ಮಾತಾಡಬೇಕು. 2024ರ ಯೂರೋ ಕಪ್‌ನಲ್ಲೂ ಇದೇ ಪದ್ಧತಿ ಇತ್ತು. ಆಟ ಮತ್ತೆ ಶುರುವಾಗೋ ಮೊದಲು ರೆಫರಿ ಲೈನ್ಸ್‌ಮನ್ ಕೇಳಿ ತನ್ನ ತೀರ್ಮಾನ ಬದಲಿಸಬಹುದು. ಆದರೆ ಇಪ್ಪತ್ತು ಜನರ ಗಲಾಟೆಯ ನಡುವೆ ಅವನು ಯಾರನ್ನ ಕೇಳ್ತಾನೆ?

ಎರಡು, ಪ್ರೊಟೆಸ್ಟ್ ಮಾಡೋದಾದರೆ ಮ್ಯಾಚ್ ಮುಗಿದ ಅರ್ಧ ಗಂಟೆಯೊಳಗೆ ಬರೆದು ಕೊಡಬೇಕು, ಅದೂ ನಿಯಮ ತಪ್ಪಾಗಿ ಬಳಸಿದ್ದರೆ ಮಾತ್ರ. ಎರಡು ಹಳದಿ ಕಾರ್ಡ್ ಆದವನನ್ನ ಹೊರಗೆ ಕಳಿಸದಿದ್ದರೆ ಅದು ನಿಯಮದ ತಪ್ಪು, ಬರೆದು ಕೊಡಿ. ಹ್ಯಾಂಡ್‌ಬಾಲ್ ಆಯ್ತಾ ಇಲ್ವಾ ಅನ್ನೋದು ರೆಫರಿಯ ಕಣ್ಣಿಗೆ ಬಿಟ್ಟದ್ದು.

ಮೂರು, ರೆಫರಿಯ ಮೇಲೆ ಕಿರುಚಿದವನಿಗೆ ಕೆಲವು ನಿಮಿಷ ಹೊರಗೆ ಕೂರೋ ಶಿಕ್ಷೆ. ಹವ್ಯಾಸಿ ಫುಟ್‌ಬಾಲ್‌ನಲ್ಲಿ ಇದಕ್ಕೆ ಅವಕಾಶ ಇದೆ. ಇಂಗ್ಲೆಂಡಿನ ಸ್ಥಳೀಯ ಲೀಗ್‌ಗಳಲ್ಲಿ ತೊಂಬತ್ತು ನಿಮಿಷದ ಆಟಕ್ಕೆ ಹತ್ತು ನಿಮಿಷ. ನಮ್ಮ ನಲ್ವತ್ತು ನಿಮಿಷದ ಮ್ಯಾಚಿಗೆ ನಾಲ್ಕೈದು ನಿಮಿಷ ಸಾಕು.

ನಾಲ್ಕು, ಪ್ರತಿ ಡಿಪಾರ್ಟ್‌ಮೆಂಟೂ ಇಬ್ಬರನ್ನ ರೆಫರಿ ಕೆಲಸಕ್ಕೆ ಕೊಡಬೇಕು. ಕೊಡದ ಟೀಮಿಗೆ ಎಂಟ್ರಿ ಇಲ್ಲ. ಒಂದು ಮ್ಯಾಚ್ ವಿಸಿಲ್ ಹಿಡಿದು ಓಡಿದವನು ಮುಂದಿನ ಮ್ಯಾಚಿನಲ್ಲಿ ರೆಫರಿಯನ್ನ ಬೈಯ್ಯೋ ಮೊದಲು ಒಂದು ಸಲ ಯೋಚಿಸ್ತಾನೆ.

ನಾಲ್ಕನೆಯದಕ್ಕೆ ನಮ್ಮಲ್ಲಿ ಇಬ್ಬರು ಆಗಲೇ ಹೆಸರು ಕೊಟ್ಟಿದ್ದೇವೆ. ಹೋದ ವಾರ ನಾಲ್ಕೈದು ಜನ ಆ ಹುಡುಗನ ರೂಮಿಗೂ ಹೋಗಿ ಸಾರಿ ಕೇಳಿ ಬಂದೆವು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಅವನೇ ಟೀ ಕೊಡಿಸಿದ, ಇಂಟರ್ನಲ್ಸ್ ಬಗ್ಗೆ ಮಾತಾಡಿದ, ನಕ್ಕ. ಮುಂದಿನ ವರ್ಷ ಬರ್ತೀಯಾ ಅಂತ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ.