ಗಾಡಿಯ ಮೂಗು ಕೊಯ್ದರೆ ಓಟ ಹೆಚ್ಚೀತೇ?

ಅವಳಿ ನಗರದ ಹುಡುಗರಿಗೆ ಹತ್ತಿದ ಸೈಲೆನ್ಸರಿನ ಹುಚ್ಚು ಇನ್ನೂ ಪೂರಾ ಇಳಿದಿಲ್ಲ. ಅದರ ಬೆನ್ನಿಗೇ ಫಿಲ್ಟರ್ ಡಬ್ಬಿಯ ಹುಚ್ಚು ಬಂದಿದೆ. ಅಪ್ಪ ಲಕ್ಷಗಟ್ಟಲೆ ಸುರಿದು ಕೊಡಿಸಿದ ಸ್ಪೋರ್ಟ್ಸ್ ಬೈಕು. ಅದರ ಸೀಟು ಬಿಚ್ಚಿ, ಕಂಪನಿಯವರು ಕೂಡಿಸಿದ ಏರ್ ಫಿಲ್ಟರ್ ಡಬ್ಬಿಯನ್ನು ಕೊರೆಯುವುದು, ಇಲ್ಲವೇ ಕಿತ್ತೊಗೆದು ಆ ಜಾಗದಲ್ಲಿ ಪೇಟೆಯ ಅಗ್ಗದ ಬಯಲು ಫಿಲ್ಟರ್ ಸಿಕ್ಕಿಸುವುದು. ಕೆಲ ಮಹಾಶಯರು ಅದನ್ನೂ ಹಾಕದೆ ಬಾಯಿ ತೆರೆದೇ ಬಿಡುತ್ತಾರೆ. ಯಾಕಪ್ಪಾ ಎಂದರೆ, "ಗಾಳಿ ಜಾಸ್ತಿ ಹೊಕ್ಕರ ಪಿಕಪ್ ಜಾಸ್ತಿ ಆಗ್ತೈತ್ರೀ ಅಣ್ಣಾ" ಎಂಬ ಉತ್ತರ ತಯಾರು. ಕಪ್ಪತಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಜಿಲ್ಲೆ ನಮ್ಮದು, ನಿಜ. ಆದರೆ ಎಂಜಿನ್ನು ಗಾಳಿಯಂತ್ರವಲ್ಲ.

ಹುಡುಗರ ಮಾತು ಪೂರಾ ಸುಳ್ಳೂ ಅಲ್ಲ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಗಾಳಿಯ ದಾರಿ ಬದಲಿಸಿದರೆ ಶಕ್ತಿ ಬರುವ ರೀತಿಯೂ ಬದಲಾಗುತ್ತದೆ. ಪ್ರಶ್ನೆ ಇರುವುದು ಅದು ಎಲ್ಲಿ ಹೆಚ್ಚುತ್ತದೆ, ಎಲ್ಲಿ ಕಡಿಮೆಯಾಗುತ್ತದೆ ಎನ್ನುವುದರಲ್ಲಿ. ವಾಲ್ವು ತೆರೆದು ಎಂಜಿನ್ನು ಗಾಳಿ ಎಳೆದಾಗ ಆ ಕೊಳವೆಯಲ್ಲಿ ಗಾಳಿಯ ಅಲೆ ಏಳುತ್ತದೆ. ಅಲೆ ಹೋಗಿ ತಿರುಗಿ ಬರುವಷ್ಟರಲ್ಲಿ ವಾಲ್ವು ಇನ್ನೂ ತೆರೆದಿದ್ದರೆ ಸಿಲಿಂಡರಿಗೆ ಒಂದು ಗುಟುಕು ಗಾಳಿ ಹೆಚ್ಚು ಸಿಗುತ್ತದೆ. ದಾರಿ ಉದ್ದವಿದ್ದರೆ ಈ ಲಾಭ ಕಡಿಮೆ ಆರ್‌ಪಿಎಂನಲ್ಲಿ, ಗಿಡ್ಡವಿದ್ದರೆ ಹೆಚ್ಚಿನ ಆರ್‌ಪಿಎಂನಲ್ಲಿ. ವೀರೇಶ್ವರ ಪುಣ್ಯಾಶ್ರಮದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕೊಳಲು ಉದ್ದವಿದ್ದರೆ ದನಿ ಕೆಳಗೆ, ಗಿಡ್ಡವಿದ್ದರೆ ದನಿ ಮೇಲೆ. ಕಂಪನಿಯವರು ಆ ಡಬ್ಬಿಯ ಗಾತ್ರ, ಮೂತಿಯ ಉದ್ದ ಎಲ್ಲ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಬರೇ ಧೂಳು ತಡೆಯುವ ಪೆಟ್ಟಿಗೆ ಎಂದು ತಿಳಿದವನೇ ಅದಕ್ಕೆ ಗರಗಸ ಹಚ್ಚುತ್ತಾನೆ.

ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲೋ ಮದ್ರಾಸಿನ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೋ ಓಡಿಸುವವನಿಗೆ ಡಬ್ಬಿ ಬದಲಿಸಿದರೆ ಲಾಭವಿದೆ. ಅವನ ಎಂಜಿನ್ನು 8–10 ಸಾವಿರ ಆರ್‌ಪಿಎಂ ಬಿಟ್ಟು ಕೆಳಗಿಳಿಯುವುದೇ ಇಲ್ಲ. ನಮ್ಮವರ ಗತಿ ಏನು? ಮುಳಗುಂದ ನಾಕಾದಿಂದ ಹೊರಟು ಲಕ್ಷ್ಮೇಶ್ವರ ಸೇರುವವರೆಗೆ ಹಂಪು, ತಗ್ಗು, ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರು, ಅಡ್ಡ ಬರುವ ಎಮ್ಮೆ. ಅಲ್ಲಿಂದ ಶಿರಹಟ್ಟಿಗೆ ಹೋದರೂ ಇದೇ ಹಾಡು. ಗಾಡಿ ಬಹುಪಾಲು 4–5 ಸಾವಿರದಲ್ಲೇ ಇರುತ್ತದೆ. ಬೇಕಾದ ಜಾಗದ ಎಳೆತ ಕಳೆದು, ಬೇಡಾದ ಜಾಗದಲ್ಲಿ ಕೊಂಡಂತಾಯಿತು. ಮತ್ತೆ ಪಿಕಪ್ ಹೆಚ್ಚಿದಂತೆ ಅನಿಸುವುದು ಯಾಕೆ? ಡಬ್ಬಿ ತೆಗೆದ ಮೇಲೆ ಎಂಜಿನ್ನು ಗಾಳಿ ನುಂಗುವ ಸದ್ದು ನೇರ ಕಿವಿಗೆ ಬಡಿಯುತ್ತದೆ. ಸವಾರ ಸದ್ದನ್ನೇ ಓಟ ಎಂದುಕೊಳ್ಳುತ್ತಾನೆ.

ಕೆಲವರು ಮುಂದೆ ಸೊಂಡಿಲು ಕಟ್ಟಿ ಗಾಳಿಯನ್ನು ದಬ್ಬಿ ಒಳಗೆ ಕಳಿಸುವ ಮಾತಾಡುತ್ತಾರೆ. ಕಾವಾಸಾಕಿಯಂಥ ದೊಡ್ಡ ಬೈಕುಗಳಲ್ಲಿ 1990ರಿಂದಲೂ ಆ ಏರ್ಪಾಡು ಇದೆ. ಆದರೆ ತಾಸಿಗೆ 100 ಕಿಲೋಮೀಟರ್ ಓಟದಲ್ಲಿ ಎದುರುಗಾಳಿ ಕೊಡುವ ಒತ್ತಡ ವಾತಾವರಣದ ಒತ್ತಡದ ನೂರರಲ್ಲಿ ಅರ್ಧ ಪಾಲು ಕೂಡ ಇಲ್ಲ. 50ರಲ್ಲಿ ಅದರ ಕಾಲುಭಾಗ. ಗದಗು ಸಮುದ್ರ ಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅದರಿಂದಲೇ ನೂರಕ್ಕೆ ಏಳರಷ್ಟು ಒತ್ತಡ ಮೊದಲೇ ಹೋಗಿದೆ! ಬಯಲು ಫಿಲ್ಟರ್ ಎಳೆಯುವುದು ಎಂಜಿನ್ನಿನ ಪಕ್ಕದ ಬಿಸಿಗಾಳಿಯನ್ನು. ಗಾಳಿ 10 ಡಿಗ್ರಿ ಬಿಸಿಯಾದರೆ ನೂರಕ್ಕೆ ಮೂರು ಪಾಲು ತೆಳುವಾಗುತ್ತದೆ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ಲೆಕ್ಕ ಏನಾಯಿತು ನೀವೇ ನೋಡಿ.

ಈ ವಿದ್ಯೆ ಆರ್‌ಎಕ್ಸ್ 100 ಕಾಲದ್ದು. 1985ರಿಂದ 1996ರವರೆಗೆ ತಯಾರಾದ ಆ ಗಾಡಿಯನ್ನು ನಮ್ಮ ಕಡೆ ಇಂದಿಗೂ ದೇವರಂತೆ ಕಾಣುತ್ತಾರೆ. ಅದರ ಗಾಳಿ ಹೆಚ್ಚಿಸಿದರೆ ಬಲ್ಲ ಮೆಕ್ಯಾನಿಕ್ ಕಾರ್ಬುರೇಟರಿನ ಜೆಟ್ಟೂ ಬದಲಿಸುತ್ತಿದ್ದ. ಬದಲಿಸದಿದ್ದರೆ ಪೆಟ್ರೋಲ್ ಕಡಿಮೆಯಾಗಿ, ಕಾದು, ಪಿಸ್ಟನ್ ಜಾಮ್. 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಪೆಟ್ರೋಲ್ ಅಳೆಯುವುದು ಕಂಪ್ಯೂಟರು. ಒಂದೇ ಹದದಲ್ಲಿ ಹೋಗುವಾಗ ಹೊಗೆ ಕೊಳವೆಯ ಸೆನ್ಸರ್ ನೋಡಿ ಸ್ವಲ್ಪ ಸರಿಮಾಡಿಕೊಳ್ಳುತ್ತದೆ. ಪೂರಾ ಆಕ್ಸಿಲರೇಟರ್ ಕೊಟ್ಟಾಗ ಬಹಳಷ್ಟು ಗಾಡಿಗಳಲ್ಲಿ ಅದು ನಡೆಯುವುದು ಕಂಪನಿ ಬರೆದಿಟ್ಟ ಲೆಕ್ಕದಂತೆ. ಡಬ್ಬಿ ಕೊರೆದ ಸುದ್ದಿ ಆ ಲೆಕ್ಕಕ್ಕೆ ಗೊತ್ತಿಲ್ಲ.

ಇವೆಲ್ಲ ಹೋಗಲಿ, ನಮ್ಮ ಧೂಳಿಗೆ ಏನು ಹೇಳುತ್ತೀರಿ? ಸುಗ್ಗಿಯ ದಿನ ಮುಂಡರಗಿ ಕಡೆ ಹೋಗಿ ನೋಡಿ. ಡಾಂಬರು ರಸ್ತೆಯೇ ಕಣ. ಕಿತ್ತ ಬೆಳೆ ರಸ್ತೆ ಮೇಲೆ ಹರವಿದೆ, ಬಸ್ಸು ಲಾರಿ ಹಾದು ರಾಶಿಯಾಗುತ್ತಿದೆ, ಹೊಟ್ಟು ಮುಗಿಲಿಗೆ ಹಾರುತ್ತಿದೆ. ಹೊಳೆ ಮರಳು ಹೇರಿದ ಟಿಪ್ಪರು ಹೋದರಂತೂ ಮುಂದಿನ ಮನುಷ್ಯ ಕಾಣುವುದಿಲ್ಲ. ಆ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಒಳಗೆ ಹೊಕ್ಕು ಆಯಿಲ್ ಜೊತೆ ಕಲೆತರೆ ಅದು ಸಾಣೆ ಹಿಡಿಯುವ ಮಸಾಲೆಯೇ. ರಿಂಗು ಸವೆದು, ಸಿಲಿಂಡರ್ ಗೀರು ಬಿದ್ದು, ಹಿಂದೆ ನೀಲಿ ಹೊಗೆ. ಹಳೇ ಗಾಡಿಯ ಕಬ್ಬಿಣದ ಸಿಲಿಂಡರಿಗೆ ಬೋರಿಂಗ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದಿತ್ತು. ಈಗಿನ ಅನೇಕ ಸ್ಪೋರ್ಟ್ಸ್ ಬೈಕುಗಳದು ಅಲ್ಯೂಮಿನಿಯಂ ಸಿಲಿಂಡರು. ಕೆಟ್ಟರೆ ಬೋರಿಂಗ್ ಇಲ್ಲ, ಹೊಸದೇ ತರಬೇಕು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅಂಥ ಮರಳುಗಾಡಿನ ರೇಸಿನಲ್ಲಿ ದಿನದ ಓಟ ಮುಗಿದ ಕೂಡಲೇ ಫಿಲ್ಟರ್ ಬದಲಿಸುವುದು ವಾಡಿಕೆ. ಜಗತ್ತಿನ ಗಟ್ಟಿ ಸವಾರರು ಫಿಲ್ಟರಿಗೆ ಕೈ ಮುಗಿಯುತ್ತಾರೆ, ನಮ್ಮ ಬಹಾದ್ದೂರರು ಕಿತ್ತು ತಿಪ್ಪೆಗೆ ಎಸೆಯುತ್ತಾರೆ.

ಹುಡುಗರ ಹುಮ್ಮಸ್ಸಿಗೆ ನಮ್ಮ ತಕರಾರಿಲ್ಲ. ಆದರೆ ಕಂತು ಕಟ್ಟುವವನು ಬೆಟಗೇರಿಯ ಮಗ್ಗದ ಮುಂದೆ ಕೂತ ಅಪ್ಪ, ಇಲ್ಲವೇ ಎರಡು ಎಕರೆ ಎರಿ ಹೊಲದ ರೈತ. ಕಂತು ಮುಗಿಯುವ ಮೊದಲೇ ಎಂಜಿನ್ನು ಮುಗಿದರೆ ಯಾರನ್ನು ಕೇಳಬೇಕು? ವಾರಂಟಿಯವರು ಡಬ್ಬಿ ನೋಡಿದೊಡನೆ ಕೈ ಎತ್ತುತ್ತಾರೆ. ಅಪಘಾತವಾದರೆ ವಿಮೆಯವರಿಗೂ ಒಂದು ನೆಪ. ಕೆಲ ಗ್ಯಾರೇಜಿನವರೂ ಇದರಲ್ಲಿ ಪಾಲುದಾರರು. "ಗಿರಾಕಿ ಕೇಳ್ತಾನ, ನಾವು ಹಾಕ್ತೀವ್ರಿ" ಎಂದರೆ ಮುಗಿಯಿತೇ? ರೋಗಿ ಕೇಳಿದ ಎಂದು ಡಾಕ್ಟರು ಮೂಗು ಕೊಯ್ಯುತ್ತಾನೆಯೇ?

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ತಪ್ಪಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿತು. ಆದರೆ ಪೊಲೀಸರ ಕಿವಿಗೆ ಬೀಳುವುದು ಸೈಲೆನ್ಸರಿನ ಸದ್ದು ಮಾತ್ರ. ಅದನ್ನು ಕಿತ್ತು ಸಾಲಾಗಿಟ್ಟು, ರೋಡ್ ರೋಲರ್ ಹಾಯಿಸಿ ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿದಂತೆ. ಸೀಟಿನ ಕೆಳಗೆ ಇಣುಕುವವರು ಯಾರು?

ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಹೆಲ್ಮೆಟ್ ಮೆರವಣಿಗೆ ಹೇಗೂ ಆಗುತ್ತದೆ. ಈ ಸಲ ಆರ್‌ಟಿಓದವರು ಐಟಿಐ ಮಾಸ್ತರರನ್ನು ಕರೆದುಕೊಂಡು ಒಂದು ಕೆಲಸ ಮಾಡಲಿ. ಫಿಲ್ಟರ್ ಇಲ್ಲದೆ ಓಡಿ ಕೆಟ್ಟ ಸಿಲಿಂಡರ್ ಒಂದು, ನೆಟ್ಟಗಿರುವುದು ಒಂದು, ಎರಡನ್ನೂ ಕಾಲೇಜುಗಳ ಮುಂದೆ ಮೇಜಿನ ಮೇಲೆ ಇಡಲಿ. ಹುಡುಗರು ಬಂದು ಆ ಗೀರಿನ ಮೇಲೆ ಬೆರಳಾಡಿಸಿ ನೋಡಲಿ. ಪಕ್ಕದಲ್ಲಿ ಹೊಸ ಸಿಲಿಂಡರಿನ ಬಿಲ್ಲೂ ಇರಲಿ.