ಬೆಟ್ಟದ ಮನೆಯಲ್ಲಿ ವಿಶ್ರಾಂತಿ ಯಾರಿಗೆ?

ಮಕ್ಕಳ ಪರೀಕ್ಷೆಗಳು ಮುಗಿದು, ಪಾಸ್ಖ ಹಬ್ಬದ ಸಂಭ್ರಮವೂ ಕಳೆದ ಮೇಲೆ, ಕರಾವಳಿಯ ಬೇಗೆಯಿಂದ ನಾಲ್ಕು ದಿನವಾದರೂ ದೂರವಿರಬೇಕೆಂಬ ಆಸೆ ನಮ್ಮ ಕುಟುಂಬಗಳಲ್ಲಿ ಮೂಡುವುದು ಸಹಜ. ಮಂಗಳೂರಿನಿಂದ ಸಂಪಾಜೆ ಘಾಟಿಯನ್ನೇರಿ ಸುಮಾರು 140 ಕಿಲೋಮೀಟರು ಸಾಗಿದರೆ ಮಡಿಕೇರಿ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಆ ಊರಿನ ಗಾಳಿಯೇ ಬೇರೆ. ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಸಕಾಲದಲ್ಲಿ ಸುರಿದರೆ ಕಾಫಿ ತೋಟಗಳು ಬೆಳ್ಳಗೆ ಅರಳಿ, ಬೆಟ್ಟಕ್ಕೆ ಬೆಟ್ಟವೇ ಘಮಘಮಿಸುತ್ತದೆ.

ಕೊಡಗಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಹೋಟೆಲಿನ ಕೊಠಡಿಗೆ ಬದಲಾಗಿ ತೋಟದ ನಡುವಿನ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಅಕ್ಕಿಬೇಳೆಗಳನ್ನು ಕೊಂಡೊಯ್ದು, ಅಡುಗೆಯನ್ನು ತಾವೇ ಮಾಡಿಕೊಂಡು ತಂಗುವ ಪದ್ಧತಿ ಇಂದು ಬೆಳೆದಿದೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಖರ್ಚು ಹಿಡಿತದಲ್ಲಿರುತ್ತದೆ. ಸಕ್ಕರೆ ಕಾಯಿಲೆಯ ಅಜ್ಜನಿಗೂ ಹಟಮಾರಿ ಮೊಮ್ಮಗನಿಗೂ ಒಗ್ಗುವ ಊಟ ಸಿಗುತ್ತದೆ. ವರ್ಷವಿಡೀ ಬೇರೆ ಬೇರೆ ಹೊತ್ತಿನಲ್ಲಿ ಉಣ್ಣುವ ಮನೆಮಂದಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಸಂಜೆಯ ಜಪಸರ ಪ್ರಾರ್ಥನೆಗೆ ಯಾರೂ ಗೈರುಹಾಜರಾಗುವುದಿಲ್ಲ.

ಆದರೆ ಆ ಮನೆಯೊಳಗೊಮ್ಮೆ ಇಣುಕಿ ನೋಡೋಣ. ತಂದೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಮಂಜನ್ನು ನೋಡುತ್ತಿದ್ದಾರೆ. ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾರೆ; ಇಲ್ಲವೇ ಮೊಬೈಲಿನಲ್ಲಿ ಮುಳುಗಿದ್ದಾರೆ. ತಾಯಿ ಎಲ್ಲಿದ್ದಾಳೆ? ಪರಿಚಯವಿಲ್ಲದ ಅಡುಗೆಮನೆಯಲ್ಲಿ ತುರಿಮಣೆಯನ್ನು ಹುಡುಕುತ್ತಿದ್ದಾಳೆ. ಮೊಂಡು ಚೂರಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಳೆ. ಮಾತು ಮುಗಿಸಿ ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆಯುತ್ತಾಳೆ. ಎಲ್ಲರಿಗಿಂತ ಮೊದಲೆದ್ದು ಚಹಾಕ್ಕೆ ನೀರಿಡುತ್ತಾಳೆ. ಆಕೆಯ ಪಾಲಿಗೆ ಬದಲಾದದ್ದು ಒಲೆ ಮಾತ್ರ, ದುಡಿಮೆಯಲ್ಲ. ನಾಲ್ಕು ದಿನಗಳ ಬಳಿಕ ಮನೆಮಂದಿಯೆಲ್ಲ ಹುರುಪಿನಿಂದ ಹಿಂದಿರುಗಿದರೆ, ಆಕೆ ಹೋದುದಕ್ಕಿಂತ ಹೆಚ್ಚು ದಣಿದು ಹಿಂದಿರುಗುತ್ತಾಳೆ. ಇದನ್ನು ಕುಟುಂಬದ ವಿಶ್ರಾಂತಿಯೆಂದು ಕರೆಯಬಹುದೇ?

ದಶಾಜ್ಞೆಗಳು ಸಬ್ಬತ್ ದಿನದ ವಿಶ್ರಾಂತಿಯನ್ನು ಮನೆಯ ಯಜಮಾನನೊಬ್ಬನಿಗೇ ಕೊಡಲಿಲ್ಲ. ಮಗ, ಮಗಳು, ದಾಸ, ದಾಸಿ, ದನಕರುಗಳು, ಊರಿಗೆ ಬಂದ ಪರದೇಶಿ, ಹೀಗೆ ಎಲ್ಲರನ್ನೂ ದೇವರು ಅದರಲ್ಲಿ ಪಾಲುದಾರರನ್ನಾಗಿಸಿದರು. ಮನೆಯಲ್ಲಿ ಒಬ್ಬರ ಬಿಡುವು ಇನ್ನೊಬ್ಬರ ಬೆವರಿನ ಮೇಲೆ ನಿಲ್ಲಬಾರದೆಂಬುದೇ ಇದರ ತಾತ್ಪರ್ಯ. ಪೋಪ್ ದ್ವಿತೀಯ ಜಾನ್ ಪಾಲ್ ಅವರು ಬೆಟ್ಟಗಳನ್ನು ಬಲು ಪ್ರೀತಿಸಿದವರು. 1989ರಿಂದ ಹಲವು ಬೇಸಿಗೆಗಳಲ್ಲಿ ಇಟಲಿಯ ಆಲ್ಪ್ಸ್ ಪರ್ವತಗಳ ನಡುವಿನ ಲೆ ಕೊಂಬ್ ಎಂಬ ಹಳ್ಳಿಯಲ್ಲಿ ಅವರು ಬಿಡುವಿನ ದಿನಗಳನ್ನು ಕಳೆದರು. ಪ್ರಭುವಿನ ದಿನವನ್ನು ಕುರಿತು 1998ರಲ್ಲಿ ಹೊರಡಿಸಿದ ಪ್ರೇಷಿತ ಪತ್ರದಲ್ಲಿ ವಿಶ್ರಾಂತಿಯು ಪವಿತ್ರವಾದುದೆಂದೇ ಅವರು ಬೋಧಿಸಿದರು. ಪವಿತ್ರವಾದುದನ್ನು ಮನೆಯ ಒಬ್ಬರಿಗೆ ಮಾತ್ರ ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ.

ಪ್ರಭು ಯೇಸು ದಣಿದ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ಕರೆದು ತುಸು ದಣಿವಾರಿಸಿಕೊಳ್ಳಲು ಹೇಳಿದ್ದನ್ನು ಸಂತ ಮಾರ್ಕನು ಬರೆದಿದ್ದಾನೆ. ಪುನರುತ್ಥಾನದ ಬಳಿಕ ನಡೆದುದನ್ನು ಸಂತ ಯೊವಾನ್ನನು ಬರೆದಿದ್ದಾನೆ. ಇರುಳೆಲ್ಲ ಬಲೆ ಬೀಸಿ ಬಸವಳಿದ ಶಿಷ್ಯರು ತಿಬೇರಿಯ ಸರೋವರದ ದಡಕ್ಕೆ ಬಂದಾಗ, ಅಲ್ಲಿ ಕೆಂಡ ಉರಿಯುತ್ತಿತ್ತು. ಅದರ ಮೇಲೆ ಮೀನಿತ್ತು, ಜೊತೆಗೆ ರೊಟ್ಟಿಯಿತ್ತು. ಮರಣವನ್ನು ಜಯಿಸಿದ ಪ್ರಭು ಆ ಬೆಳಗ್ಗೆ ತಮ್ಮವರಿಗಾಗಿ ಉಪಾಹಾರ ಸಿದ್ಧಪಡಿಸಿ ಕಾದಿದ್ದರು, ಕೈಯಾರೆ ಬಡಿಸಿದರು. ಒಲೆಯ ಮುಂದೆ ನಿಲ್ಲುವುದು ಗಂಡಸಿಗೆ ತಕ್ಕುದಲ್ಲವೆಂದು ಭಾವಿಸುವ ನಮ್ಮ ಮನೆಗಳ ತಂದೆಯಂದಿರೂ ಗಂಡುಮಕ್ಕಳೂ ಈ ದೃಶ್ಯವನ್ನು ಧ್ಯಾನಿಸಬೇಕು.

ಆದುದರಿಂದ ಚೀಲ ತುಂಬುವ ಮೊದಲೇ ಕೆಲಸದ ಹಂಚಿಕೆಯಾಗಲಿ. ಒಂದು ದಿನದ ಅಡುಗೆ ತಂದೆಯದು, ಮರುದಿನದ್ದು ಬೆಳೆದ ಮಕ್ಕಳದು ಎಂದು ಗೊತ್ತುಮಾಡಿಕೊಳ್ಳಲಿ. ಅಡುಗೆ ಸರಳವಾಗಿರಲಿ. ಗಂಜಿ, ಚಟ್ನಿ, ಸುಟ್ಟ ಒಣಮೀನು ಬೆಟ್ಟದ ಚಳಿಯಲ್ಲಿ ಮೃಷ್ಟಾನ್ನವೇ ಸರಿ. ಹಂದಿಮಾಂಸ ಬೇಕೆನ್ನುವ ಮಗನು ಕೊಡಗಿನ ಕಾಚಂಪುಳಿಯನ್ನು ಕೊಂಡು, ಅಲ್ಲಿಯವರನ್ನೇ ಕೇಳಿ ಬೇಯಿಸುವುದನ್ನು ಕಲಿಯಲಿ. ಉಪ್ಪು ಹೆಚ್ಚಾದರೆ ನಕ್ಕು ಉಣ್ಣೋಣ. ಉಂಡ ತಟ್ಟೆಯನ್ನು ಅವರವರೇ ತೊಳೆಯಲಿ. ತಾಯಂದಿರಲ್ಲಿಯೂ ನಮ್ಮದೊಂದು ವಿನಂತಿ: ಅಡುಗೆಮನೆಯನ್ನು ಬಿಟ್ಟುಕೊಡಲು ನೀವೂ ಮನಸ್ಸು ಮಾಡಬೇಕು. ಮಾರ್ತಳ ಸೇವೆಯನ್ನು ಪ್ರಭು ಹೀನವೆನ್ನಲಿಲ್ಲ. ಅವಳ ಚಿಂತೆಯ ಭಾರವನ್ನು ಇಳಿಸಲು ಹೇಳಿದರು.

ಪ್ರವಾಸದ ನಡುವೆ ಭಾನುವಾರ ಬಂದರೆ ಬಲಿಪೂಜೆಗೂ ರಜೆಯೆಂದು ಯಾರೂ ತಿಳಿಯಬಾರದು. ಧರ್ಮಸಭೆಯ ಕಾನೂನು ಸಂಹಿತೆಯ 1247ನೆಯ ವಿಧಿಯು ಬಲಿಪೂಜೆಯನ್ನೂ, ದೇಹ ಮನಸ್ಸುಗಳಿಗೆ ತಕ್ಕ ವಿಶ್ರಾಂತಿಯನ್ನೂ ಜೊತೆಯಾಗಿಯೇ ಹೇಳುತ್ತದೆ. ಹತ್ತಿರದ ದೇವಾಲಯ ಯಾವುದು, ಪೂಜೆಯ ಹೊತ್ತು ಯಾವುದು ಎಂದು ಮೊದಲೇ ವಿಚಾರಿಸುವುದು ಕಷ್ಟವೇನಲ್ಲ. ಕೊಡಗಿಗೆ ಹೋದವರು ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯಕ್ಕೆ ಹೋಗಬಹುದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟ ಕೆನರಾ ಕ್ರೈಸ್ತರಲ್ಲಿ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ಆ ಕ್ರೈಸ್ತ ನೆಲೆ 1792ರಲ್ಲಿ ಹೀಗೆ ಮೊದಲಾಯಿತು. ನಮ್ಮ ಪೂರ್ವಜರಿಗೆ ಈ ಬೆಟ್ಟಗಳು ವಿಹಾರಧಾಮವಾಗಿರಲಿಲ್ಲ. ದಣಿದು ಬಂದವರಿಗೆ ದೊರೆತ ತಂಗುದಾಣವಾಗಿದ್ದವು. ಅಲ್ಲಿಯ ಪಾಲಕಿಯು ಮಾತೆ ಮರಿಯಳ ತಾಯಿ ಎಂಬುದನ್ನೂ ನೆನೆಯೋಣ. ನಮ್ಮ ತಾಯಿ, ಅಜ್ಜಿಯಂದಿರನ್ನು ಆ ದೇವಾಲಯದ ಬೆಂಚಿನಲ್ಲಿ ನಿರಾಳವಾಗಿ ಕೂರಿಸುವುದು ಎಂತಹ ಸುಂದರ ಹರಕೆ!

ಇನ್ನೊಂದು ಮಾತು. ಆ ಬಾಡಿಗೆ ಮನೆಯನ್ನು ಗುಡಿಸಿ, ಹಂಡೆಗೆ ಬೆಂಕಿಯಿಟ್ಟು ನೀರು ಕಾಯಿಸುವ ಕೆಲಸದವರಿಗೂ ಒಂದು ಸಂಸಾರವಿದೆ. ಅವರಿಗೂ ಬಿಡುವು ಬೇಕು. ಅಪರಾತ್ರಿಯಲ್ಲಿ ಅವರನ್ನು ಕೂಗಿ ಎಬ್ಬಿಸುವುದು, ಬಾಟಲಿ ಪ್ಲಾಸ್ಟಿಕ್ಕುಗಳನ್ನು ತೋಟದಲ್ಲಿ ಎಸೆದು ಬರುವುದು ಕ್ರೈಸ್ತರಿಗೆ ತಕ್ಕ ನಡತೆಯಲ್ಲ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಜನರು ಪ್ರಾಣವನ್ನೂ ಮನೆಮಠಗಳನ್ನೂ ಕಳೆದುಕೊಂಡರು. ನಾವು ನಾಲ್ಕು ದಿನ ತಂಗುವ ನೆಲ ಅವರ ಬದುಕಿನ ನೆಲ. ಅಲ್ಲಿಗೆ ಅತಿಥಿಗಳಾಗಿ ಹೋಗೋಣ.

ಬೆಟ್ಟಕ್ಕೆ ಹೋಗುವ ಅನುಕೂಲ ಎಲ್ಲ ಕುಟುಂಬಗಳಿಗೂ ಇಲ್ಲವೆಂಬುದನ್ನು ನಾವು ಬಲ್ಲೆವು. ಅದಕ್ಕಾಗಿ ಕೊರಗಬೇಕಾಗಿಲ್ಲ. ಬರುವ ಭಾನುವಾರ ಪೂಜೆ ಮುಗಿಸಿ ಬಂದ ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ತಂದೆಯೂ ಮಕ್ಕಳೂ ಅಡುಗೆಮನೆಯನ್ನು ಹೊಕ್ಕರೆ ಸಾಕು. ಬೆಟ್ಟದ ತಂಪು ಆ ಮನೆಗೇ ಬರುತ್ತದೆ. ಹೋಗಿ ಬಂದವರು ಮಾತ್ರ, ರಜೆ ಹೇಗಿತ್ತೆಂಬ ಪ್ರಶ್ನೆಯನ್ನು ಮೊದಲು ಅವಳಿಗೇ ಕೇಳಲಿ. ಅವಳು ಕೊಡುವ ಉತ್ತರವೇ ಆ ರಜೆಯ ಬೆಲೆ.